ಗೋಡೆ ಗಡಿಯಾರ ಯಾರಿಗಾಗಿ?

ಮದುವೆ, ಹೊಸ ಮನೆಯ ಪ್ರವೇಶ, ಅಂಗಡಿಯ ಆರಂಭ, ಸಂದರ್ಭ ಯಾವುದೇ ಇರಲಿ, ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಉಡುಗೊರೆ ಕೊಡಲು ಹೊರಟವರಿಗೆ ಮೊದಲು ಹೊಳೆಯುವ ವಸ್ತು ಗೋಡೆ ಗಡಿಯಾರ. ಬೆಲೆ ಕೈಗೆಟಕುತ್ತದೆ, ಪೊಟ್ಟಣ ದೊಡ್ಡದಾಗಿ ಕಾಣುತ್ತದೆ, ಕೊಟ್ಟವರ ಹೆಸರೂ ಬಹುಕಾಲ ಉಳಿಯುತ್ತದೆ. ಒಂದು ಮದುವೆಗೆ ಆರೇಳು ಗಡಿಯಾರಗಳು ಬಂದು, ಎರಡು ಗೋಡೆಗೇರಿ, ಉಳಿದವು ಅಟ್ಟ ಸೇರಿ, ಮುಂದಿನ ಮದುವೆಗೆ ಹೊಸ ಕಾಗದ ಸುತ್ತಿಕೊಂಡು ಹೊರಡುವುದನ್ನು ನಾವೆಲ್ಲ ಬಲ್ಲೆವು.

ಇವುಗಳ ರೂಪವಾದರೂ ಎಂಥದ್ದು? ಸುತ್ತಲೂ ಬಂಗಾರದ ಬಣ್ಣದ ಬಳ್ಳಿ, ಎರಡು ಬದಿಗೆ ನವಿಲು, ಅಲ್ಲಲ್ಲಿ ಮಿನುಗುವ ಕಲ್ಲು. ನಡುವೆ ಕಅಬಾದ ಚಿತ್ರ ಅಥವಾ ಮಸ್ಜಿದುನ್ನಬವಿಯ ಹಸಿರು ಗುಂಬಜ್. ಆ ಚಿತ್ರದ ಮೇಲೆ ಓಡಾಡುವ ಮುಳ್ಳುಗಳಿಗೂ ಬಂಗಾರದ ಬಣ್ಣವೇ. ಅಂಗಡಿಯ ದೀಪದಡಿ ಅದು ಝಗಮಗಿಸುತ್ತದೆ. ಮನೆಗೆ ತಂದ ಮೇಲೆ ಮಾತ್ರ ಗಂಟೆ ಎಷ್ಟೆಂದು ತಿಳಿಯಲು ಎದ್ದು ಅದರ ಕೆಳಗೇ ಹೋಗಿ ಕತ್ತೆತ್ತಿ ನಿಲ್ಲಬೇಕು!

ಗಡಿಯಾರವನ್ನು ನಾವು ಶೋಕೇಸಿನ ಗೊಂಬೆಗಳ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಅದನ್ನು ಓದುವವರು ಯಾರು, ಎಲ್ಲಿಂದ ಓದುತ್ತಾರೆ, ಯಾವ ಹೊತ್ತಿನಲ್ಲಿ ಓದುತ್ತಾರೆ ಎಂಬ ಪ್ರಶ್ನೆಗಳು ಕೊಳ್ಳುವಾಗ ಏಳುವುದಿಲ್ಲ. ಇದೇ ಪ್ರಶ್ನೆಗಳನ್ನು ಕೇಳಿಕೊಂಡು ಗಡಿಯಾರ ಮಾಡಿದ ಜನ ಯುರೋಪಿನ ಉತ್ತರದ ಪುಟ್ಟ ದೇಶವಾದ ಡೆನ್ಮಾರ್ಕಿನಲ್ಲಿದ್ದರು. ಅವರು ಮಾಡಿದ ಗೋಡೆ ಗಡಿಯಾರಗಳು ಇಂದು ಜಗತ್ತಿನಾದ್ಯಂತ ಮಾರಾಟವಾಗುತ್ತಿವೆ. ನಾವು ಅವನ್ನು ಕೊಳ್ಳಬೇಕೆಂದೇನೂ ಇಲ್ಲ. ಅವುಗಳಿಂದ ಕಲಿಯಬೇಕಾದದ್ದು ಇದೆ.

ಊರಿನವರು ಕೇಳಿ ಪಡೆದ ಗಡಿಯಾರ

ಇವುಗಳಲ್ಲಿ ಅತಿ ಪ್ರಸಿದ್ಧವಾದವು ಆರ್ನೆ ಯಾಕೊಬ್ಸೆನ್ ಎಂಬವರ ಹೆಸರಿನವು. 1902ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿದ ಇವರು ಕಸುಬಿನಿಂದ ವಾಸ್ತುಶಿಲ್ಪಿ. ಕಟ್ಟಡದ ಗೋಡೆಯಿಂದ ಹಿಡಿದು ಒಳಗಿನ ಕುರ್ಚಿ, ದೀಪ, ಬಾಗಿಲ ಹಿಡಿಕೆ, ಊಟದ ಚಮಚದವರೆಗೆ ಎಲ್ಲವೂ ಒಂದೇ ಕೈಯಿಂದ ಬರಬೇಕೆನ್ನುವ ಹಠದವರು. ಅವರು 1955ರಲ್ಲಿ ರೂಪಿಸಿದ, ಬಗ್ಗಿಸಿದ ಮರದ ಹಾಳೆಯ ಕುರ್ಚಿಯ ನಕಲುಗಳು ಜಗತ್ತಿನ ಎಷ್ಟೋ ಹೋಟೆಲು, ಕಚೇರಿಗಳಲ್ಲಿವೆ. ನೀವೂ ಅಂಥದರ ಮೇಲೆ ಕುಳಿತಿರಬಹುದು.

ಆರ್ಹೂಸ್ ಎಂಬ ನಗರದ ಪುರಭವನ ಕಟ್ಟಲು 1937ರಲ್ಲಿ ನಡೆದ ಸ್ಪರ್ಧೆಯಲ್ಲಿ ಯಾಕೊಬ್ಸೆನ್ ಮತ್ತು ಎರಿಕ್ ಮೋಲರ್ ಜೊತೆಯಾಗಿ ಗೆದ್ದರು. ಅವರ ನಕ್ಷೆಯಲ್ಲಿ ಗೋಪುರವೇ ಇರಲಿಲ್ಲ. ಹೊಸ ಕಾಲದ ಕಟ್ಟಡಕ್ಕೆ ಗೋಪುರವೇಕೆ ಎಂಬುದು ಶಿಲ್ಪಿಗಳ ಭಾವನೆ. ಊರಿನವರು ಒಪ್ಪಲಿಲ್ಲ. ಪುರಭವನವೆಂದ ಮೇಲೆ ಗೋಪುರ ಬೇಕು, ಗೋಪುರದಲ್ಲಿ ಗಡಿಯಾರ ಬೇಕು ಎಂದು ಗದ್ದಲವೆಬ್ಬಿಸಿದರು. ಕೊನೆಗೆ ಶಿಲ್ಪಿಗಳೇ ಮಣಿದು 60 ಮೀಟರ್ ಎತ್ತರದ ಗೋಪುರವನ್ನು ಸೇರಿಸಿ ಅದಕ್ಕೆ ಗಡಿಯಾರ ಕೂರಿಸಿದರು. 1941ರಲ್ಲಿ ಕಟ್ಟಡ ಉದ್ಘಾಟನೆಯಾಯಿತು. ಅದಕ್ಕೆಂದೇ ರೂಪಿಸಿದ, ತೆಳುವಾದ ರೋಮನ್ ಅಂಕಿಗಳ ಗಡಿಯಾರ ಇಂದು 'ರೋಮನ್' ಎಂಬ ಹೆಸರಿನಲ್ಲಿ ಮನೆಗಳಿಗೆ ಮಾರಾಟವಾಗುತ್ತದೆ. ದೊಡ್ಡ ಕಲಾವಿದರಿಗೆ ಬೇಡವಾದದ್ದು ಸಂತೆಗೆ ಹೋಗಿಬರುವ ಜನರಿಗೆ ಬೇಕಿತ್ತು. ಹಟ ಹಿಡಿದದ್ದು ಒಳ್ಳೆಯದೇ ಆಯಿತು.

ಇದಕ್ಕೂ ಮುಂಚೆ, 1939ರಲ್ಲಿ, ಲಾರಿಟ್ಸ್ ಕ್ನುಡ್ಸೆನ್ ಎಂಬ ಡೆನ್ಮಾರ್ಕಿನ ವಿದ್ಯುತ್ ಉಪಕರಣ ಕಂಪೆನಿಗಾಗಿ ಯಾಕೊಬ್ಸೆನ್ ಒಂದು ಮೇಜಿನ ಗಡಿಯಾರ ರೂಪಿಸಿದ್ದರು. ಈ ಹೆಸರನ್ನು ಎಲ್ಲೋ ಕೇಳಿದ ಹಾಗಿದೆಯೇ? ಇತ್ತೀಚೆಗೆ ಮನೆಗೆ ವೈರಿಂಗ್ ಮಾಡಿಸಿದ್ದರೆ ಮೇನ್ ಸ್ವಿಚ್ಚಿನ ಪೆಟ್ಟಿಗೆಯನ್ನು ಒಮ್ಮೆ ನೋಡಿ. ನಮ್ಮ ದೇಶದ ಲಾರ್ಸೆನ್ ಆ್ಯಂಡ್ ಟುಬ್ರೊ ಕಂಪೆನಿಯನ್ನು 1938ರಲ್ಲಿ ಮುಂಬಯಿಯಲ್ಲಿ ಆರಂಭಿಸಿದವರು ಇಬ್ಬರು ಡೆನ್ಮಾರ್ಕಿನ ಇಂಜಿನಿಯರುಗಳು, ಹೆನಿಂಗ್ ಹೋಲ್ಕ್ ಲಾರ್ಸೆನ್ ಮತ್ತು ಸೋರೆನ್ ಕ್ರಿಸ್ಟಿಯನ್ ಟುಬ್ರೊ. ಅದರ ಸ್ವಿಚ್‌ಗೇರ್ ವಿಭಾಗ 2020ರಲ್ಲಿ ಷ್ನೈಡರ್ ಕಂಪೆನಿಯ ಕೈಸೇರಿತು. 2024ರಲ್ಲಿ ಅದಕ್ಕೆ ಲಾರಿಟ್ಸ್ ಕ್ನುಡ್ಸೆನ್ ಎಂಬ ಹೆಸರನ್ನೇ ಇಡಲಾಯಿತು. ಹೀಗೆ ಡೆನ್ಮಾರ್ಕಿನ ಆ ಗಡಿಯಾರದ ಕಂಪೆನಿಯ ಹೆಸರು ನಮ್ಮ ಓಣಿಯ ಎಲೆಕ್ಟ್ರಿಕ್ ಅಂಗಡಿಗೂ ಬಂದಿದೆ.

1943ರಲ್ಲಿ ಯಾಕೊಬ್ಸೆನ್ 'ಸ್ಟೇಷನ್' ಎಂಬ ಗಡಿಯಾರ ರೂಪಿಸಿದರು. ರೈಲು ನಿಲ್ದಾಣದಲ್ಲಿ ಕಾಣುವಂಥ ಮುಖ: ಒಂದರಿಂದ ಹನ್ನೆರಡರವರೆಗೆ ಸ್ಪಷ್ಟ ಅಂಕಿಗಳು, ಸುತ್ತ ನಿಮಿಷದ ಗೆರೆಗಳು, ಕಪ್ಪು ಮುಳ್ಳುಗಳು, ಬಿಳಿ ಹಿನ್ನೆಲೆ. ಇದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ಅದೇ ವರ್ಷ ಅವರ ಬಾಳು ಅಡಿಮೇಲಾಯಿತು. ಡೆನ್ಮಾರ್ಕನ್ನು ಆಕ್ರಮಿಸಿದ್ದ ನಾಝಿಗಳು ಅಲ್ಲಿನ ಯಹೂದಿಯರನ್ನು ಹಿಡಿದೊಯ್ಯಲು ಸಜ್ಜಾದಾಗ ದೇಶದ ಸಾಮಾನ್ಯ ಜನ, ಮೀನುಗಾರರು ಸೇರಿ ಏಳು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸಮುದ್ರ ದಾಟಿಸಿ ಸ್ವೀಡನ್ ಸೇರಿಸಿದರು. ಯಹೂದಿ ಕುಟುಂಬದವರಾದ ಯಾಕೊಬ್ಸೆನ್ ಕೂಡ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ದಾಟಿದರು. ಪರದೇಶದಲ್ಲಿ ಕಟ್ಟಡದ ಕೆಲಸ ಎಲ್ಲಿ ಸಿಗಬೇಕು? ಪತ್ನಿ ಯೊನ್ನಾ ಬಟ್ಟೆಯ ಮೇಲೆ ಅಚ್ಚು ಹಾಕುವ ಕಲೆಯಲ್ಲಿ ತರಬೇತಾದವರು. ಗಂಡ ಹೂವು-ಹುಲ್ಲುಗಳ ಚಿತ್ರ ಬರೆಯುವುದು, ಹೆಂಡತಿ ಅದನ್ನು ಬಟ್ಟೆಗಿಳಿಸುವುದು, ಹೀಗೆ ಯುದ್ಧ ಮುಗಿಯುವ ತನಕ ದುಡಿದರು. ಆಕೆಯ ಕೈಕಸುಬು ಮನೆಯ ಆಧಾರವಾಯಿತು. ಯಾಕೊಬ್ಸೆನ್ ಬಗ್ಗೆ ಬರೆಯುವವರು ಈ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ.

ಮುಂದೆ 1956ರಲ್ಲಿ ಕೋಪನ್‌ಹೇಗನ್ ಹತ್ತಿರದ ರೊಡೋವ್ರೆ ಎಂಬಲ್ಲಿ ಪುರಭವನ ಕಟ್ಟಿದಾಗ ಅದಕ್ಕೊಂದು ಗಡಿಯಾರ ಮಾಡಿದರು. ಅದರಲ್ಲಿ ಅಂಕಿಗಳೇ ಇಲ್ಲ, ಗೆರೆಗಳು ಮಾತ್ರ. ಕೊನೆಯದು ಡೆನ್ಮಾರ್ಕಿನ ರಾಷ್ಟ್ರೀಯ ಬ್ಯಾಂಕಿಗಾಗಿ ಮಾಡಿದ್ದು. ಅಲ್ಲಿ ಪ್ರತಿಯೊಂದು ಗಂಟೆಯ ಸ್ಥಾನದಲ್ಲಿ ಹನ್ನೆರಡು ಪುಟ್ಟ ಚೌಕಗಳ ಸಾಲು. ಒಂದು ಗಂಟೆಯಲ್ಲಿ ಒಂದನೆಯ ಚೌಕ, ಎರಡರಲ್ಲಿ ಎರಡನೆಯದು ಎಂಬಂತೆ ತುಂಬಿರುವುದರಿಂದ ಇಡೀ ಮುಖದ ಮೇಲೆ ಒಂದು ಸುರುಳಿ ಮೂಡುತ್ತದೆ. ಬಹಳ ಜಾಣತನದ ಕೆಲಸ. ಆ ಬ್ಯಾಂಕ್ ಕಟ್ಟಡ ಪೂರ್ತಿಯಾಗುವ ಮುಂಚೆ, 1971ರಲ್ಲಿ ಯಾಕೊಬ್ಸೆನ್ ತೀರಿಕೊಂಡರು. ಕಟ್ಟಡವನ್ನು 1978ರಲ್ಲಿ ಅವರ ಸಹೋದ್ಯೋಗಿಗಳು ಮುಗಿಸಿದರು.

ಗಮನಿಸಿ, ಈ ಗೋಡೆ ಗಡಿಯಾರಗಳಲ್ಲಿ ಮುಖ್ಯವಾದವು ಹುಟ್ಟಿದ್ದು ಮನೆಗಾಗಿ ಅಲ್ಲ. ತೆರಿಗೆ ಕಟ್ಟಲು ಬಂದ ರೈತ, ಜನನ ದಾಖಲೆ ಬರೆಸಲು ಬಂದ ತಾಯಿ, ಮೆಟ್ಟಿಲ ಬುಡದಲ್ಲಿ ನಿಂತ ಮುದುಕ, ಎಲ್ಲರಿಗೂ ಕಾಣಬೇಕಾದ ಗಡಿಯಾರಗಳು ಅವು. ಆಮೇಲೆ ಚಿಕ್ಕದಾಗಿ ಮನೆಯ ಗೋಡೆಗೆ ಬಂದವು. ಈಗ 16 ಸೆಂಟಿಮೀಟರಿನಿಂದ 48 ಸೆಂಟಿಮೀಟರ್ ಅಗಲದವರೆಗೆ ಸಿಗುತ್ತವೆ. ಬೆಲೆ ಮಾತ್ರ ನಮ್ಮ ಹತ್ತು ಸಾವಿರ ರೂಪಾಯಿಯನ್ನು ದಾಟಿ ಹೋಗುತ್ತದೆ.

ನಿಮಿಷದ ಗೆರೆ ಬೇಕೇ ಬೇಕು

ಪ್ರಸಿದ್ಧವೆಂಬ ಕಾರಣಕ್ಕೆ ಎಲ್ಲವನ್ನೂ ಹೊಗಳಬೇಕಾಗಿಲ್ಲ. ಬ್ಯಾಂಕಿನ ಚೌಕಗಳ ಗಡಿಯಾರ ಎಷ್ಟೇ ಚೆಲುವಾಗಿರಲಿ, ನಮ್ಮ ಮನೆಗೆ ಹೊಂದುವುದಿಲ್ಲ. ಕಾರಣ ಎರಡು.

ಒಂದು, ಮಕ್ಕಳು. ಮೊಬೈಲಿನಲ್ಲಿ 4:45 ಎಂದು ಓದುವ ಮಗುವಿಗೆ 'ಪೌಣೆ ಐದು' ಎಂದರೆ ಅರ್ಥವಾಗುವುದಿಲ್ಲ. ನಾಲ್ಕನೆಯ, ಐದನೆಯ ತರಗತಿಯಲ್ಲೂ ಮುಳ್ಳು ನೋಡಿ ಗಂಟೆ ಹೇಳಲು ತಡವರಿಸುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವರಿಗೆ ಬುದ್ಧಿ ಕಡಿಮೆ ಎಂದಲ್ಲ. ಕಲಿಯಲು ಮನೆಯಲ್ಲಿ ಅಂಕಿಗಳಿರುವ, ನಿಮಿಷದ ಗೆರೆಗಳಿರುವ ಒಂದು ಗಡಿಯಾರವಿಲ್ಲ. ಅರ್ಧ ಎಂದರೆ ಅರ್ಧ ವೃತ್ತ, ಕಾಲು ಎಂದರೆ ಕಾಲು ವೃತ್ತ ಎಂಬುದು ಕಣ್ಣಿಗೆ ಕಂಡರೆ ಭಿನ್ನರಾಶಿಯ ಲೆಕ್ಕವೂ ಸುಲಭವಾಗುತ್ತದೆ.

ಇನ್ನೊಂದು, ನಮ್ಮ ದಿನಚರಿಯಲ್ಲಿ ನಿಮಿಷಕ್ಕೆ ಇರುವ ಬೆಲೆ. ಸಹ್ರಿಯ ಕೊನೆಯ ನಿಮಿಷ, ಇಫ್ತಾರ್‌ನ ಮೊದಲ ನಿಮಿಷ. 'ಆರೂ ಮುಕ್ಕಾಲರ ಸುಮಾರು' ಎಂದರೆ ರಮಝಾನಿನಲ್ಲಿ ಸಾಕಾಗುವುದಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಗಡಿಯಾರ ತೋರಿಸುವುದು 1906ರಿಂದ ಜಾರಿಯಲ್ಲಿರುವ ಭಾರತೀಯ ಕಾಲಮಾನ. ಅದು ಪೂರ್ವದಲ್ಲಿರುವ 82.5 ಡಿಗ್ರಿ ರೇಖಾಂಶದ ಸಮಯ. ಹುಬ್ಬಳ್ಳಿ ಇರುವುದು ಸುಮಾರು 75.1 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ. ಆದ್ದರಿಂದಲೇ ನೆತ್ತಿಯ ಮೇಲೆ ಸೂರ್ಯ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸು. ಅದೂ ವರ್ಷವಿಡೀ ಒಂದೇ ಅಲ್ಲ. ನವೆಂಬರ್ ಆರಂಭದಲ್ಲಿ 12:13ರ ಹೊತ್ತಿಗೆ, ಫೆಬ್ರವರಿ ನಡುವೆ 12:44ರ ಹೊತ್ತಿಗೆ. ಬೆಂಗಳೂರು ನಮಗಿಂತ ಎರಡೂವರೆ ಡಿಗ್ರಿ ಪೂರ್ವಕ್ಕಿದೆ. ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು ಹತ್ತು ನಿಮಿಷ ಮೊದಲು. ಸೂರ್ಯಾಸ್ತದಲ್ಲೂ ಋತುವಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ ಅಷ್ಟೇ ಅಂತರ. ವಾಟ್ಸಾಪ್‌ನಲ್ಲಿ ಬಂದ ಬೆಂಗಳೂರಿನ ವೇಳಾಪಟ್ಟಿ ನೋಡಿ ಹುಬ್ಬಳ್ಳಿಯಲ್ಲಿ ಉಪವಾಸ ಬಿಟ್ಟರೆ ಸೂರ್ಯ ಇನ್ನೂ ಮುಳುಗಿಯೇ ಇರುವುದಿಲ್ಲ! ಊರಿನ ಮಸೀದಿಯ ವೇಳಾಪಟ್ಟಿ, ನಿಮಿಷ ತೋರಿಸುವ ಗಡಿಯಾರ, ಇವೆರಡು ಪಕ್ಕಪಕ್ಕದಲ್ಲಿರಬೇಕು.

ಹಾಗಾಗಿ ನನ್ನ ಓಟು 1943ರ ಆ 'ಸ್ಟೇಷನ್' ಗಡಿಯಾರಕ್ಕೆ. ರೈಲ್ವೆಯ ಊರಾದ ಹುಬ್ಬಳ್ಳಿಯವರಿಗೆ ಅದರ ಮುಖ ಅಪರಿಚಿತವೂ ಅಲ್ಲ.

ಅಲಂಕಾರವೇ ಬೇಡವೇ ಎಂದು ಕೇಳಬಹುದು. ಖಂಡಿತ ಹಾಗಲ್ಲ. 1206ರಲ್ಲಿ ತಮ್ಮ ಗ್ರಂಥ ಮುಗಿಸಿದ ಅಲ್ ಜಝರಿ ಎಂಬ ಮುಸ್ಲಿಮ್ ಯಂತ್ರಶಿಲ್ಪಿ ವರ್ಣಿಸಿದ ಆನೆ ಗಡಿಯಾರದಲ್ಲಿ ಆನೆ, ಮಾವುತ, ಹಾವು, ಹಕ್ಕಿ ಎಲ್ಲವೂ ಇವೆ. ಅದಕ್ಕಿಂತ ಅಲಂಕಾರದ ಗಡಿಯಾರ ಬೇಕೇ? ಆದರೆ ಅಲ್ಲಿ ಪ್ರತಿ ಗೊಂಬೆಗೂ ಕೆಲಸವಿದೆ. ಆನೆಯ ಹೊಟ್ಟೆಯೊಳಗಿನ ನೀರಿನಲ್ಲಿ ಬಟ್ಟಲು ಮೆಲ್ಲಗೆ ಮುಳುಗುತ್ತದೆ, ಅರ್ಧ ಗಂಟೆಗೊಮ್ಮೆ ಗುಂಡು ಉರುಳುತ್ತದೆ, ಮಾವುತ ಬಾರಿಸುತ್ತಾನೆ. ಓದುಬರಹ ತಿಳಿಯದವನಿಗೂ ಹೊತ್ತು ಗೊತ್ತಾಗುತ್ತದೆ. ನಮ್ಮ ಉಡುಗೊರೆ ಗಡಿಯಾರದ ನವಿಲಿಗೆ ಯಾವ ಕೆಲಸವಿದೆ?

ಹಾಲಿನಲ್ಲಿ ಒಂದು, ಅಡುಗೆಮನೆಯಲ್ಲಿ ಸೊನ್ನೆ

ನನಗೆ ಪರಿಚಯದ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ದಾದಿಯವರಿದ್ದಾರೆ. ಒಂದು ಕಣ್ಣಿಗೆ ಪೊರೆ ಬಂದಿದೆ, ಸಕ್ಕರೆ ಕಾಯಿಲೆಯೂ ಇದೆ. ಮಾತ್ರೆ ನುಂಗಲು, ವುಝೂ ಮಾಡಿ ಸಿದ್ಧವಾಗಲು, ಶಾಲೆಯಿಂದ ಬರುವ ಮೊಮ್ಮಗನಿಗಾಗಿ ಕಾಯಲು ಅವರಿಗೆ ಗಂಟೆ ಬೇಕು. ಹಾಲಿನಲ್ಲಿ ಸೊಸೆಯ ತವರಿನಿಂದ ಬಂದ ಭಾರೀ ಗಡಿಯಾರವಿದೆ, ಬಂಗಾರದ್ದೇ ಬಣ್ಣ. ದಾದಿಯವರು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು, "ಬೇಟಾ, ಎಷ್ಟಾತು ನೋಡು." ಮಕ್ಕಳು ಮೊದಲು ಹೇಳುತ್ತಾರೆ, ಆಮೇಲೆ ರೇಗುತ್ತಾರೆ. "ಈಗರ ಹೇಳಿದ್ನೆಲ್ಲ ದಾದಿ!" ಬರಬರುತ್ತಾ ಅವರು ಕೇಳುವುದನ್ನೇ ಬಿಟ್ಟರು. ಮಾತ್ರೆಯ ಹೊತ್ತು ತಪ್ಪತೊಡಗಿತು. ಮನೆಯವರು ಅರಿವು ಮರೆವಿನ ಲಕ್ಷಣವೆಂದು ಗಾಬರಿಯಾದರು. ಸೊಸೆ ಜಾಣೆ. ಒಂದು ದಿನ ಬಿಳಿ ಮುಖದ, ದಪ್ಪ ಕಪ್ಪು ಅಂಕಿಗಳ ಅಗಲವಾದ ಗಡಿಯಾರ ತಂದು ಅತ್ತೆಯ ಮಂಚದ ಎದುರು ಗೋಡೆಗೆ ಹಾಕಿದಳು. ಮರೆವೂ ಇರಲಿಲ್ಲ, ಏನೂ ಇರಲಿಲ್ಲ. ಈಗ ದಾದಿಯವರೇ ಮನೆಯವರಿಗೆ ಹೊತ್ತು ಹೇಳುತ್ತಾರೆ. ಮೊಮ್ಮಗ ಐದು ನಿಮಿಷ ತಡವಾಗಿ ಬಂದರೂ ಲೆಕ್ಕ ಕೇಳುತ್ತಾರೆ!

ಸಹೋದರಿಯರೇ, ನಿಮ್ಮ ಮನೆಯ ಗಡಿಯಾರ ಎಲ್ಲಿದೆ? ಹೆಚ್ಚಿನ ಮನೆಗಳಲ್ಲಿ ಅದು ಹಾಲಿನಲ್ಲಿ, ಬಂದ ಅತಿಥಿಗಳ ಕಣ್ಣಿಗೆ ಬೀಳುವಂತೆ ಇರುತ್ತದೆ. ಆದರೆ ಅತಿಥಿಗೆ ಕೈಗಡಿಯಾರವೋ ಮೊಬೈಲೋ ಇದ್ದೇ ಇರುತ್ತದೆ. ಬೆಳಗ್ಗೆ ಡಬ್ಬಿ ಕಟ್ಟುವವಳು, ಕುಕ್ಕರಿನ ಸೀಟಿ ಎಣಿಸುವವಳು, ನೀರು ಬಿಡುವ ಹೊತ್ತಿಗೆ ಕಾಯುವವಳು ಇರುವುದು ಅಡುಗೆಮನೆಯಲ್ಲಿ. ಕೈಯೆಲ್ಲ ಹಿಟ್ಟಾಗಿರುವಾಗ ಮೊಬೈಲ್ ಮುಟ್ಟಲಾದೀತೇ? ಜರ್ಮನಿಯ ಯುಂಗ್‌ಹಾನ್ಸ್ ಕಂಪೆನಿಗಾಗಿ ಸ್ವಿಸ್ ಕಲಾವಿದ ಮಾಕ್ಸ್ ಬಿಲ್ 1950ರ ದಶಕದಲ್ಲೇ ಅಡುಗೆಮನೆಯ ಗಡಿಯಾರವೊಂದನ್ನು ರೂಪಿಸಿದರು. ಅದರ ಮುಖದ ಕೆಳಗೆ ನಿಮಿಷ ಎಣಿಸುವ ಇನ್ನೊಂದು ಪುಟ್ಟ ಮುಖವಿದೆ, ಒಲೆಯ ಮೇಲಿಟ್ಟದ್ದರ ಲೆಕ್ಕಕ್ಕೆ. ಅಡುಗೆ ಮಾಡುವವರ ಹೊತ್ತಿಗೂ ಬೆಲೆಯಿದೆ ಎಂದು ಯಾರೋ ಒಬ್ಬರು ಯೋಚಿಸಿದ್ದರು.

ನಮ್ಮ ರಾಜ್ಯಕ್ಕೂ ಓದಲು ಬರುವ ಗಡಿಯಾರಗಳ ಪರಂಪರೆಯಿದೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ ದೊಡ್ಡ ಗಡಿಯಾರದ ಮೇಲಿರುವುದು ಕನ್ನಡದ ಅಂಕಿಗಳು. ಬೆಂಗಳೂರಿನ ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಕೈಗಡಿಯಾರ ಮಾಡತೊಡಗಿತು. ಅದರ ಜೋಡಣೆಯ ಮೇಜುಗಳಲ್ಲಿ ಕುಳಿತು ಅತಿ ಸೂಕ್ಷ್ಮ ಭಾಗಗಳನ್ನು ಕೂಡಿಸಿದವರಲ್ಲಿ ದೊಡ್ಡ ಸಂಖ್ಯೆಯ ಹೆಣ್ಣುಮಕ್ಕಳಿದ್ದರು. 'ಜನತಾ' ಮಾದರಿಯ ಬಿಳಿ ಮುಖ, ಸರಳ ಮುಳ್ಳು ನೆನಪಿದೆಯೇ? ನಮ್ಮ ಅಬ್ಬಾಜಾನರ ಕಾಲದವರಿಗೆ ಅದು ಮದುವೆಯ ಗಡಿಯಾರ. ಡೆನ್ಮಾರ್ಕಿನ ಯಾವ ಸರಳತೆಗೂ ಅದು ಕಡಿಮೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಎಚ್.ಎಂ.ಟಿ. ಕೈಗಡಿಯಾರ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಸರಕಾರ ತೀರ್ಮಾನಿಸಿತು. ಗೋಡೆ ಗಡಿಯಾರದ ಮಾರುಕಟ್ಟೆ ಅದಕ್ಕೂ ಬಹಳ ಮುಂಚೆಯೇ ಗುಜರಾತಿನ ಮೋರ್ಬಿಯ ಪಾಲಾಗಿತ್ತು. ಅಲ್ಲಿ 1971ರಲ್ಲಿ ಶುರುವಾದ ಅಜಂತಾ ಗಡಿಯಾರ ಇಲ್ಲದ ಓಣಿ ಹುಬ್ಬಳ್ಳಿಯಲ್ಲಿ ಇರಲಿಕ್ಕಿಲ್ಲ.

ಕೊಳ್ಳುವಾಗ, ಹಾಕುವಾಗ

ದುರ್ಗದಬೈಲಿನ ಯಾವುದೇ ಅಂಗಡಿಯಲ್ಲಿ ಬಿಳಿ ಮುಖ, ಕಪ್ಪು ಅಂಕಿಯ ಗಡಿಯಾರ ಕೇಳಿ. ಅಂಗಡಿಯವರು ಮೊದಲು ಬಂಗಾರದ್ದನ್ನೇ ಇಳಿಸುತ್ತಾರೆ. "ಆಫೀಸಿನ್ಯಾಗ ಹಾಕ್ತಾರಲ್ಲ, ಅಂಥಾದ್ದು ಕೊಡ್ರಿ" ಎನ್ನಿ. ಒಳಗಿನಿಂದ ತೆಗೆದು ಕೊಡುತ್ತಾರೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡಬೇಡಿ. ಅಂಗಡಿಯವರನ್ನು ಹಿಡಿದುಕೊಳ್ಳಲು ಹೇಳಿ ಹತ್ತು ಹನ್ನೆರಡು ಹೆಜ್ಜೆ ಹಿಂದೆ ಸರಿದು ನೋಡಿ. ಗಂಟೆಯ ಮುಳ್ಳು, ನಿಮಿಷದ ಮುಳ್ಳು ಉದ್ದದಲ್ಲೂ ದಪ್ಪದಲ್ಲೂ ಬೇರೆ ಬೇರೆಯಾಗಿರಬೇಕು. ನಿಮಿಷದ ಮುಳ್ಳಿನ ತುದಿ ಗೆರೆಗಳನ್ನು ಮುಟ್ಟುವಷ್ಟು ಉದ್ದವಿರಬೇಕು, ಇಲ್ಲದಿದ್ದರೆ ಒಂದೆರಡು ನಿಮಿಷದ ಗೊಂದಲ ತಪ್ಪಿದ್ದಲ್ಲ. ಗಾಜು ಉಬ್ಬಿದ್ದರೆ ಎದುರಿನ ಟ್ಯೂಬ್‌ಲೈಟ್ ಅದರಲ್ಲಿ ಹೊಳೆದು ಮುಖ ಕಾಣದಂತಾಗುತ್ತದೆ. ಆದ್ದರಿಂದ ಕಿಟಕಿಯ, ದೀಪದ ನೇರ ಎದುರಿಗೆ ಹಾಕದಿರುವುದು ಒಳ್ಳೆಯದು. ಅಡುಗೆಮನೆಯಲ್ಲಾದರೆ ಒಲೆಯ ಮೇಲಿನ ಗೋಡೆ ಬೇಡ, ಎಣ್ಣೆ ಜಿಡ್ಡು ಹಿಡಿಯುತ್ತದೆ. ಮಲಗುವ ಕೋಣೆಗೆ 'ಟಿಕ್ ಟಿಕ್' ಸದ್ದಿಲ್ಲದ, ಸೆಕೆಂಡಿನ ಮುಳ್ಳು ಜಾರಿದಂತೆ ಚಲಿಸುವ ಬಗೆಯದು ಸಿಗುತ್ತದೆ.

ಬೆಲೆ ಕಡಿಮೆಯೆಂದು ಸಮಯ ತಪ್ಪೀತೆಂಬ ಭಯ ಬೇಡ. ಡೆನ್ಮಾರ್ಕಿನ ದುಬಾರಿ ಗಡಿಯಾರದಲ್ಲೂ ನಮ್ಮ ಓಣಿಯದರಲ್ಲೂ ಒಳಗಿರುವುದು ಒಂದೇ ತತ್ವದ ಯಂತ್ರ. ಕ್ವಾರ್ಟ್ಝ್ ಹರಳಿನ ಒಂದು ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಮಕ್ಕಳಿಗೆ ಕೊಟ್ಟು ನೋಡಿ, ಒಳ್ಳೆಯ ಲೆಕ್ಕ. ಆ ಒಂದು ಮಿಡಿತವೇ ಸೆಕೆಂಡಿನ ಮುಳ್ಳನ್ನು ಮುಂದೆ ತಳ್ಳುತ್ತದೆ. ತಿಂಗಳಿಗೆ ಹತ್ತಿಪ್ಪತ್ತು ಸೆಕೆಂಡು ಹೆಚ್ಚು ಕಡಿಮೆಯಾಗಬಹುದು. ರಮಝಾನ್ ಬರುವ ಮುಂಚೆ ಒಮ್ಮೆ ಸರಿಪಡಿಸಿಕೊಂಡರೆ ಸಾಕು.

ಸೆಲ್ ಮುಗಿಯುವ ಮುನ್ಸೂಚನೆಯೂ ಮುಖದ ಮೇಲೆಯೇ ಕಾಣುತ್ತದೆ. ಸೆಕೆಂಡಿನ ಮುಳ್ಳು ಕೆಳಗಿಳಿಯುವಾಗ ಸರಾಗ, ಮೇಲೇರುವಾಗ ಭಾರ. ಸೆಲ್ ಬಡವಾದಾಗ ಅದು ಒಂಬತ್ತರ ಹತ್ತಿರ ಏರಲಾರದೆ ನಿಂತಲ್ಲೇ ನಡುಗುತ್ತದೆ. ಅಂದೇ ಬದಲಿಸಿ. ಚಾರ್ಜ್ ಮಾಡುವ ಸೆಲ್ ಇದಕ್ಕೆ ಹಾಕಬೇಡಿ, ಅದರ ಒತ್ತಡ 1.2 ವೋಲ್ಟ್ ಮಾತ್ರ, ಗಡಿಯಾರ ಬಯಸುವುದು 1.5. ನಿಂತ ಗಡಿಯಾರದಲ್ಲಿ ಹಳೆಯ ಸೆಲ್ಲನ್ನು ಹಾಗೆಯೇ ಬಿಟ್ಟರೆ ಅದು ಸೋರಿ ಒಳಗಿನ ತಗಡನ್ನು ತಿಂದುಹಾಕುತ್ತದೆ. ಅಟ್ಟದ ಮೇಲೆ ಕಾಗದ ಸುತ್ತಿಕೊಂಡು ಕುಳಿತಿರುವ ಉಡುಗೊರೆ ಗಡಿಯಾರಗಳಿದ್ದರೆ ಅವುಗಳ ಸೆಲ್ಲನ್ನೂ ಇವತ್ತೇ ತೆಗೆದಿಡಿ.